ಏಳನೇ ಅಡಿಟಿಪ್ಪಣಿಯ ಅಜ್ಜಿ

ವರ್ಷಕ್ಕೊಂದೇ ಸಂಚಿಕೆ ತರೋದು ನಾವು. ಅವಾಂತರಕ್ಕೆ ಮಾತ್ರ ಆ ನಿಯಮ ಇಲ್ಲ, ಅದು ವಾರಕ್ಕೊಂದು. ಮಧುಗಿರಿಯ ಒಂದು ಸಣ್ಣ ಕಾನೂನು ಕಾಲೇಜಿನಲ್ಲಿ ನಾನು ಮೇಷ್ಟ್ರಮ್ಮ. ವಿದ್ಯಾರ್ಥಿಗಳೇ ಬರೆಯುವ ಕಾನೂನು ಪತ್ರಿಕೆಗೆ ಸಂಪಾದಕಿಯೂ ನಾನೇ. ಕೆಂಪು ಪೆನ್ನು ನನ್ನದು, ಬಾಯಿಯೂ ಸ್ವಲ್ಪ ಜೋರು.

ಹೋದ ವರ್ಷ ಬಿಡುಗಡೆಗೆ ಬಂದ ನಿವೃತ್ತ ನ್ಯಾಯಾಧೀಶರು ವೇದಿಕೆ ಮೇಲೇ ಪುಟ ತಿರುವಿ, "ಈ ತೀರ್ಪು ರದ್ದಾಗಿ ಬಹಳ ಕಾಲವಾಯಿತಲ್ಲಮ್ಮ" ಅಂದುಬಿಟ್ಟರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಈ ಸಲ ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿದರು: "ಅವರನ್ನೇ ಮತ್ತೆ ಕರೆದಿದೀನಿ. ಒಂದೇ ಒಂದು ತಪ್ಪು ತೋರಿಸಿದ್ರೂ ಇದೇ ಕೊನೇ ಸಂಚಿಕೆ ಮೇಡಂ."

ನಾಲ್ಕು ವರ್ಷ ಸಾಕಿದ ಕೂಸು ಅದು. "ತೋರಿಸ್ಲಿ, ನೋಡೋಣ" ಅಂದೆ.

ಪ್ರಾರ್ಥನೆ

ಮೊದಲು ಬಂದದ್ದು ಕೊರಟಗೆರೆ ಹುಡುಗನ ಲೇಖನ. ಗ್ರಾಹಕರ ಹಕ್ಕಿನ ಬಗ್ಗೆ ಚೆನ್ನಾಗೇ ಬರೆದಿದ್ದ. ಆದರೆ ಕಾಲೇಜಿಗೆ ಸೇರೋ ಮುಂಚೆ ಅವನು ಎರಡು ವರ್ಷ ಕೋರ್ಟ್ ಮುಂದೆ ಅರ್ಜಿ ಟೈಪ್ ಮಾಡಿದವನು, ಕೈಗೆ ಅಂಟಿದ್ದು ಬಿಡಬೇಕಲ್ಲ! ಕೊನೆಯಲ್ಲಿ ಹೀಗಿತ್ತು: "ಆದ್ದರಿಂದ ಮಾನ್ಯ ಸಂಪಾದಕರು ದಯಮಾಡಿ ಈ ಲೇಖನವನ್ನು ಪ್ರಕಟಿಸಬೇಕೆಂದು, ಅಥವಾ ತಮಗೆ ಸೂಕ್ತವೆಂದು ಕಂಡ ಇತರೆ ಪರಿಹಾರ ನೀಡಬೇಕೆಂದು ಪ್ರಾರ್ಥನೆ."

"ಏನೋ ಇದು?" ಅಂದೆ.

"ಪ್ರಾರ್ಥನೆ ಇಲ್ದಿದ್ರೆ ಕೋರ್ಟ್ನಾಗೆ ತಗಳಲ್ಲ ಮೇಡಂ."

ನನಗೂ ತುಂಟತನ ಬಂತು. ಮೇಲೆ ಕೆಂಪಕ್ಷರದಲ್ಲಿ "ಲೇಖನ ಅಂಗೀಕೃತ, ಪ್ರಾರ್ಥನೆ ವಜಾ" ಅಂತ ಬರೆದು ವಾಪಸ್ ಕೊಟ್ಟೆ. ಹತ್ತು ನಿಮಿಷಕ್ಕೆ ಬಾಗಿಲಲ್ಲಿ ನಿಂತಿದ್ದ.

"ಮೇಡಂ, ಇದರ ಮೇಲೆ ಅಪೀಲು ಯಾರ್ ಹತ್ರ ಹಾಕ್ಬೇಕು?"

ಬೇವಿನ ಮರ

ಒಬ್ಬರ ಲೇಖನವನ್ನು ಇನ್ನೊಬ್ಬರಿಗೆ ಕೊಟ್ಟು ಅಭಿಪ್ರಾಯ ಬರೆಸೋದು ನಮ್ಮ ಪದ್ಧತಿ. ಬರೆದವರ ಹೆಸರು ಮುಚ್ಚಿಡುತ್ತೀವಿ. ಶಿರಾ ಕಡೆಯ ಒಬ್ಬ ಹೊಲದ ಬದುವಿನ ವ್ಯಾಜ್ಯಗಳ ಬಗ್ಗೆ ಬರೆದಿದ್ದ. ಅದನ್ನು ಶಿರಾದ ಇನ್ನೊಬ್ಬನಿಗೇ ಕೊಟ್ಟೆ, ಊರಿನ ವಿಷಯ ಗೊತ್ತಿರುತ್ತೆ ಅಂತ. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಮೂರು ಪುಟದ ಅಭಿಪ್ರಾಯ ಬಂತು. "ಒಂದನೇ ಪ್ಯಾರಾದಲ್ಲಿ ಹೇಳಿರುವುದು ಶುದ್ಧ ಸುಳ್ಳು. ಎರಡನೇ ಪ್ಯಾರಾವನ್ನು ಲೇಖಕರೇ ರುಜುವಾತುಪಡಿಸಬೇಕು." ಕರೆದು ಕೇಳಿದರೆ ಹುಡುಗ ಕೆಂಡವಾಗಿದ್ದ.

"ಅರೇ ಮೇಡಂ, ಉದಾಹರಣೆಗೆ ಅಂತ ಬರ್ದವ್ನಲ್ಲ, ಬದು ಮೇಲಿರೋ ಎರಡು ಕವಲಿನ ಬೇವಿನ ಮರ, ಅದು ನಮ್ದು! ಹೆಸ್ರು ಮುಚ್ಚಿದ್ರೆ ಮರ ಗೊತ್ತಾಗಲ್ವಾ?"

ಇಬ್ಬರ ಮನೆಗೂ ಹತ್ತು ವರ್ಷದ ಜಗಳವಂತೆ. ಇಬ್ಬರನ್ನೂ ಲೈಬ್ರರಿಯಲ್ಲಿ ಕೂಡಿ ಹಾಕಿ, "ಒಂದೇ ಲೇಖನ ಮಾಡ್ಕೊಂಡು ಬನ್ನಿ, ಇಲ್ಲಾಂದ್ರೆ ಎರಡೂ ಬೇಡ" ಅಂದೆ. ವಾರ ಕಳೆದ ಮೇಲೆ ಬಂದರು, ಶೀರ್ಷಿಕೆ "ಬದು ವ್ಯಾಜ್ಯದಲ್ಲಿ ರಾಜಿ". ಅಪ್ಪಂದಿರಿಬ್ಬರೂ ಅದೇ ಮರದಡಿ ಕೂತು ಪ್ರೂಫ್ ಕೇಳಿಸಿಕೊಂಡರಂತೆ. ಮರ ಯಾರದ್ದು ಅನ್ನೋ ಪ್ಯಾರಾ ಮಾತ್ರ ಒಮ್ಮತದಿಂದ ಹೊಡೆದುಹಾಕಿದ್ದರು.

ಅದೇ ಅಜ್ಜಿ

"ಆಧಾರ ಇಲ್ದೆ ಒಂದು ಸಾಲೂ ಬೇಡ. ಯಾರು ಹೇಳಿದ್ರು, ಎಲ್ಲಿ, ಯಾವಾಗ, ಎಲ್ಲಾ ಅಡಿಟಿಪ್ಪಣಿಯಲ್ಲಿ ಬರ್ಬೇಕು" ಅಂತ ನಾನು ಗಂಟಲು ಹರಿದುಕೊಂಡಿದ್ದೆ. ಪಾವಗಡ ತಾಲ್ಲೂಕಿನ ವಳ್ಳೂರು ಕಡೆಯ ಹುಡುಗಿ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಬಾವಿ ನೀರನ್ನು ನಾಲ್ಕು ಮನೆಯವರು ಸರದಿಯಲ್ಲಿ ಹಂಚಿಕೊಳ್ಳುವ ಹಳೇ ರೂಢಿ ಅವಳ ವಿಷಯ. ಕಲ್ಲಿನ ನೆರಳು ಗುರುತು ಮುಟ್ಟಿದರೆ ಒಂದು ಮನೆ ಸರದಿ ಮುಗೀತು. ಈಗ ಆ ಬಾವಿ ಸುತ್ತ ಸೋಲಾರ್ ಪ್ಯಾನಲ್ಲು.

ಏಳನೇ ಅಡಿಟಿಪ್ಪಣಿ: "ನಮ್ಮಜ್ಜಿ, ನಮ್ಮ ಮನೆ ಜಗಲಿ, ಕಡ್ಲೆಕಾಯಿ ಬಿಡಿಸುವಾಗ."

ಎಂಟನೆಯದು: "ಅದೇ ಅಜ್ಜಿ, ಅದೇ ಕಡ್ಲೆಕಾಯಿ."

ಎರಡಕ್ಕೂ ಅಡ್ಡಗೆರೆ ಎಳೆದೆ. ಹುಡುಗಿ ಎದುರು ನಿಂತಳು.

"ತೆಗೀಬ್ಯಾಡಿ ಮೇಡಂ. ರೂಢಿ ವಿಷಯದಾಗೆ ಅದನ್ನ ಬಲ್ಲೋರ ಅಭಿಪ್ರಾಯಾನೂ ಸಾಕ್ಷ್ಯ ಅಂತ ನೀವೇ ಪಾಠ ಮಾಡಿದ್ರಲ್ಲ? ಆ ನೆರಳು ನೋಡಿ ನೀರು ಬುಟ್ಟೋಳು ನಮ್ಮಜ್ಜಿ. ಅವ್ಳಿಗಿಂತ ಬಲ್ಲೋರು ಯಾರವ್ರೆ?"

ನನ್ನ ಪಾಠವನ್ನೇ ನನ್ನ ಕಡೆ ತಿರುಗಿಸಿದ್ದಳು! ಸಿಟ್ಟೂ ಬಂತು, ಹೆಮ್ಮೆಯಿಂದ ಎದೆಯೂ ಉಬ್ಬಿತು.

"ನಿಮ್ಮಜ್ಜಿಯಿಂದ ಪತ್ರಿಕೆ ಮುಳುಗಿದ್ರೆ?"

"ಅಜ್ಜೀನೇ ಕರ್ಕೊಂಡ್ ಬತ್ತೀನಿ, ಬುಡಿ."

ಬಿಡುಗಡೆ ದಿನ

ನ್ಯಾಯಾಧೀಶರು ಮೈಕ್ ಹಿಡಿದೇ ಪುಟ ತಿರುವಿದರು. ಪ್ರಾರ್ಥನೆ ಇಲ್ಲದ ಲೇಖನ ದಾಟಿತು, ಬೇವಿನ ಮರ ದಾಟಿತು. ಏಳನೇ ಅಡಿಟಿಪ್ಪಣಿಗೆ ಬೆರಳು ನಿಂತಿತು. ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು, ನಾನು ಫ್ಯಾನ್ ಕಡೆ ನೋಡಿದೆ.

"ಈ ಅಜ್ಜಿ ಯಾರು?"

ಎರಡನೇ ಸಾಲಿನಲ್ಲಿ ಎಲೆಅಡಿಕೆ ಜಗಿಯುತ್ತಿದ್ದ ಮುದುಕಿ ಎದ್ದಳು. "ಅವುನು ನಾಯನಾ, ಹೌದಪ್ಪಾ, ನಾನೇ."

"ನೀವು ಕಣ್ಣಾರೆ ಕಂಡದ್ದು ಸರಿ. ನಿಮಗಿಂತ ಮುಂಚಿನಿಂದಲೂ ಇದೇ ರೂಢಿ ಇತ್ತು ಅಂದಿದ್ದೀರಲ್ಲ, ಅದು ಹೇಗೆ ಗೊತ್ತು?"

"ನಮ್ಮತ್ತೆ ಹೇಳಿದ್ಲು."

"ಅತ್ತೆ ಹೇಳಿದ್ದನ್ನೆಲ್ಲಾ ನಂಬಿಬಿಟ್ಟಿರಾ?"

ಅಜ್ಜಿಗೆ ರೇಗಿತು. "ನಮ್ಮತ್ತೆ ಮಾತು ನಾನ್ಯಾವತ್ತು ನಂಬಿದ್ದೆ? ಮದ್ವೆಯಾಗಿ ಬಂದ ವಾರದಾಗೇ ಕೇರಿನಾಗಿದ್ದ ಐದು ಜನ ಮುದುಕೀರ್ನ ಒಬ್ಬೊಬ್ರನ್ನೇ ಕೇಳ್ದೆ. ಅವ್ರು ಒಬ್ರ ಮುಖ ಒಬ್ರು ನೋಡ್ತಿರ್ಲಿಲ್ಲ. ಆದ್ರೂ ಐದು ಜನಾನೂ ಒಂದೇ ಮಾತು ಹೇಳಿದ್ರು. ಇನ್ನೇನ್ ಬೇಕು ನಿಂಗೆ?"

ಸಭೆ ಘೊಳ್ಳೆಂದಿತು. ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನನ್ನ ಇಡೀ ಸರ್ವೀಸಿನಲ್ಲಿ ಇಷ್ಟು ಗಟ್ಟಿ ಸಾಕ್ಷಿ ಕಟಕಟೆಗೆ ಬಂದಿರಲಿಲ್ಲ" ಅಂದರು. ಆಮೇಲೆ ಗಂಭೀರವಾಗಿ, "ಆದರೂ ಇದರಲ್ಲಿ ಒಂದು ತಪ್ಪಿದೆ."

ಪ್ರಿನ್ಸಿಪಾಲರು ಮತ್ತೆ ನನ್ನ ಕಡೆ ತಿರುಗಿದರು.

"ಆ ಐದು ಜನ ಮುದುಕಿಯರ ಹೆಸರು ಬಿಟ್ಟುಹೋಗಿದೆ. ಮುಂದಿನ ಸಂಚಿಕೆಯಲ್ಲಿ ತಪ್ಪದೆ ಹಾಕಬೇಕು, ಪ್ರಿನ್ಸಿಪಾಲರೇ. ನಾನೇ ಬಂದು ನೋಡುತ್ತೇನೆ."

ಮುಂದಿನ ಸಂಚಿಕೆ! ಪ್ರಿನ್ಸಿಪಾಲರೇ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಓಡಿಹೋಗಿ ಅಜ್ಜಿ ಕೈ ಹಿಡಿದು, ಪೆನ್ನು ತೆಗೆದು, "ಆ ಐದು ಹೆಸರು ಹೇಳಜ್ಜಿ" ಅಂದೆ.

"ಬರ್ಕೋ ಕಣಮ್ಮ. ಅವ್ರು ಸತ್ತು ಯಾವ ಕಾಲಾತೋ," ಅಂದಳು ಅಜ್ಜಿ, ಪೆನ್ನನ್ನೇ ದಿಟ್ಟಿಸುತ್ತಾ. "ಆದ್ರೂ ನನ್ ಹೆಸರು ಮ್ಯಾಲೇ ಇರ್ಲಿ."