ಇಪ್ಪತ್ತನೇ ಮನೆಯ ಒತ್ತುವರಿ

ನಾವು ಮಾಡೋ ದೊಡ್ಡ ಕೆಲಸ ಕಟ್ಟಿಕೊಂಡ ಹೆಂಡತಿಗೆ ಕಾಣಿಸೋದೇ ಇಲ್ಲ, ಇದೇ ನನ್ನ ದುಃಖ. ಮೂರು ತಿಂಗಳಿಂದ ಸಾರಕ್ಕಿಯ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಕೂತು ಸ್ವಂತ ಆಪರೇಟಿಂಗ್ ಸಿಸ್ಟಂ ಒಂದನ್ನ ಬರೀತಿದ್ದೀನಿ. ಶಾಲಿನಿ ಬಾಯಲ್ಲಿ ಅದು 'ಟೇಬಲ್ ಮೇಲಿರೋ ಕಸ'. (ಟೇಬಲ್ ಅವಳದು. ಅದರ ಮೇಲೆ ಸೀರೆ ಹಾಸಿ ಕುಚ್ಚು ಕಟ್ಟುತ್ತಿದ್ದಳು. ಈಗ ಮಂಚದ ಅಂಚಿನಲ್ಲಿ ಕೂತು ಕಟ್ಟುತ್ತಾಳೆ. ಅಡ್ಜಸ್ಟ್ ಆಗಿದ್ದಾಳೆ ಅಂತ ನನ್ನ ಭಾವನೆ.)

ಭಾನುವಾರ ಹನ್ನೊಂದಕ್ಕೆ ನನ್ನ ಭಾವಮೈದ ಶಶಿಧರ್ ಈ ಮಹಾಸಾಧನೆ ನೋಡೋಕೆ ಬರೋನಿದ್ದ. ಅವನು ಇವತ್ತಿನವರೆಗೆ ನನ್ನನ್ನ ಒಂದು ಸಲವೂ ಮೆಚ್ಚಿದವನಲ್ಲ. ಒಂಬತ್ತೂವರೆಗೆ ಕಂಪ್ಯೂಟರ್ ಸ್ವಿಚ್ ಒತ್ತಿ ನೋಡಿದೆ. ಪರದೆ ಮೇಲೆ ನನ್ನ ನಾಮಧೇಯ ಏಳು ಬಣ್ಣದಲ್ಲಿ ವಿಜೃಂಭಿಸಿತು. ಆಮೇಲೆ ಏನೂ ಇಲ್ಲ. ಅರ್ಧ ಗಂಟೆ ತಲೆ ಕೆರ್ಕೊಂಡೆ.

"ಏನಾಯ್ತುರೀ?" ಅಂತ ಶಾಲಿನಿ ಬಂದಳು. ತೋಳಿನ ಮೇಲೆ ಮದುಮಗಳ ಸೀರೆ. ಅದು ಸಂಜೆ ಐದಕ್ಕೆ ಗಿರಿನಗರದ ಛತ್ರ ಸೇರಬೇಕಿತ್ತು.

"ನೋಡು, ಸ್ವಿಚ್ ಹಾಕಿದ್ಮೇಲೆ ಕೆಲಸ ಶುರು ಮಾಡೋದು ಕರ್ನಲ್. ಮನೆ ಯಜಮಾನ ಇದ್ದ ಹಾಗೆ. ಮೆಮೊರಿ, ಕೀಬೋರ್ಡ್ ಎಲ್ಲಾ ಸರಿ ಮಾಡುತ್ತೆ. ಆದ್ರೆ ಜನರ ಮಾತು ಕೇಳೋಕೆ ಶೆಲ್ ಅನ್ನೋ ಇನ್ನೊಂದು ಪ್ರೋಗ್ರಾಂ ಬೇಕು. ಅದನ್ನ ಡಿಸ್ಕಿನಿಂದ ಮೆಮೊರಿಗೆ ತಂದು, 'ಇನ್ಮೇಲೆ ನೀನು ನೋಡ್ಕೋ' ಅಂತ ಬಿಟ್ಟುಕೊಡುತ್ತೆ. ಆಮೇಲೆ ಶೆಲ್ ಕೇಳಿದ್ದನ್ನ ಮಾಡ್ಕೊಂಡು ಕರ್ನಲ್ ಸುಮ್ನೆ ಕೆಳಗಿರುತ್ತೆ. ಇವತ್ತು ಶೆಲ್ಲೇ ಸಿಗ್ತಿಲ್ಲ."

"ಎಲ್ಲಿಟ್ಟಿದ್ರಿ?" (ಕನ್ನಡಕ, ಗಾಡಿ ಕೀ, ಎಲ್ಲದಕ್ಕೂ ಅವಳದು ಇದೇ ಪ್ರಶ್ನೆ.)

"ಡಿಸ್ಕು ಅಂದ್ರೆ ನಂಬರ್ ಹಾಕಿದ ಮನೆಗಳ ಸಾಲು ಅನ್ಕೋ. ಕರ್ನಲ್ ಒಂದರಿಂದ ಹನ್ನೆರಡು. ಶೆಲ್ ಇಪ್ಪತ್ತನೇ ಮನೆ."

"ಈಗಲೂ ಹನ್ನೆರಡೇನಾ?"

"ನಿನ್ನೆ ಹೆಸರಿಗೆ ಬಣ್ಣ ಹಾಕಿದ್ನಲ್ಲ, ಸ್ವಲ್ಪ ಬೆಳೆದಿರುತ್ತೆ." ನೋಡಿದೆ. ಇಪ್ಪತ್ತಾರು.

ಶಾಲಿನಿ ನನ್ನನ್ನೇ ನೋಡಿದಳು. "ಯಜಮಾನ್ರು ಹೆಸರು ಮೆರೆಸೋಕೆ ಹೋಗಿ ಶೆಲ್ ಅನ್ನೋವಳ ಮನೆ ಮೇಲೇ ಕೂತಿದ್ದಾರೆ. ಈಗ ಎಲ್ಲಿ ಹೋದಳು ಅಂತ ಹುಡುಕ್ತಿದ್ದಾರೆ."

ಒತ್ತುವರಿ ಆಗೋದು ಕೆರೆಗಳು ಮಾತ್ರ ಅಂದ್ಕೊಂಡಿದ್ದೆ. ಶೆಲ್ಲನ್ನ ನೂರನೇ ಮನೆಗೆ ಹಾಕಿ ಮತ್ತೆ ಸ್ವಿಚ್ ಒತ್ತಿದೆ. ಹೆಸರು ಬಂತು, ಅದರ ಕೆಳಗೆ ಅಪ್ಪಣೆಗೆ ಕಾಯುವ ಪುಟ್ಟ ಗೆರೆ ಮಿನುಗಿತು. ಖುಷಿಯಿಂದ ತಿರುಗಿದರೆ ಅವಳು ಒಂದು ಕೈಯಲ್ಲಿ ಸೊಂಟ ಹಿಡ್ಕೊಂಡು ಮಂಚದ ಕಡೆ ಹೊರಟಿದ್ದಳು. ಮೂರು ತಿಂಗಳಿಂದ ಹೀಗೇ ನಡೀತಿದ್ದಳೋ ಏನೋ, ನಾನು ನೋಡಿರಲಿಲ್ಲ. ನಾಚಿಕೆಯಾಯ್ತು.

"ಶಾಲೂ, ಟೇಬಲ್ ಬೇಕಿತ್ತಾ?"

"ಶೆಲ್ ಬಂದ್ಮೇಲೆ ಕರ್ನಲ್ ಏನ್ಮಾಡುತ್ತೆ ಅಂದ್ರಿ?"

"ಕೇಳಿದ್ದನ್ನ ಮಾಡ್ಕೊಂಡು ಕೆಳಗಿರುತ್ತೆ."

"ಹಾಗಾದ್ರೆ ನಿಮ್ಮ ಕಸ ಎತ್ಕೊಳ್ಳಿ."

ಹನ್ನೊಂದಕ್ಕೆ ಬಂದ ಶಶಿಧರ್ ಟೇಬಲ್ ತುಂಬಾ ಹರಡಿದ್ದ ಸೀರೆ ನೋಡಿ, "ಕುಚ್ಚು ಸಖತ್ತಾಗಿದೆ ಅಕ್ಕ. ಭಾವ ಎಲ್ಲಿ?" ಅಂದ.

"ಕೆಳಗಿದ್ದಾರೆ ನೋಡು," ಅಂದಳು ಶಾಲಿನಿ.

ಅವನು ಬಗ್ಗಿ ನೋಡಿದ. ಟೇಬಲ್ ಕೆಳಗೆ, ನೆಲದ ಮೇಲಿಟ್ಟ ಪರದೆಯಲ್ಲಿ, ನನ್ನ ಏಳು ಬಣ್ಣದ ಹೆಸರು ಹೊಳೀತಿತ್ತು. ಪಕ್ಕದಲ್ಲಿ ನಾನು ಚಕ್ಕಂಬಕ್ಕಳ ಹಾಕ್ಕೊಂಡು, ಮೇಲಿನಿಂದ ಇಳಿಬಿಟ್ಟಿದ್ದ ರೇಷ್ಮೆ ದಾರದ ತುದಿಗಳನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ.

"ಸಡಿಲ ಬಿಡಬೇಡ್ರೀ," ಅಂತ ಮೇಲಿಂದ ಅಪ್ಪಣೆಯಾಯಿತು. ಎಳೆದು ಹಿಡ್ಕೊಂಡೆ.