ಜೋಳದ ಹಿಟ್ಟಿನ ಸ್ವಿಟ್ಜರ್ಲೆಂಡ್

ಶಾಲೆಯ ಪ್ರದರ್ಶನದಲ್ಲಿ ಮಗಳು ಗೌರಿಯ ಪಾಲಿಗೆ ಸ್ವಿಟ್ಜರ್ಲೆಂಡ್ ಬಂದಿತ್ತು. ಅಲ್ಲಿನ ಬೆಟ್ಟ, ಕಾಡು, ಪ್ರಾಣಿಗಳ ಮಾದರಿ ಮಾಡಿ, ಅದರ ಮುಂದೆ ನಿಂತು ವಿವರಿಸಬೇಕು. ನನಗೋ ಖುಷಿ! ನಾನು ಭೂಗೋಳದಲ್ಲಿ ಎಂ.ಎ. ಮಾಡಿದವನು. ಆಮೇಲೆ ಚಿದ್ರಿಯಲ್ಲಿ ಬಟ್ಟೆ ಅಂಗಡಿ ಇಟ್ಟೆ, ಆ ಮಾತು ಬೇರೆ.

ಗೌರಿಗೆ ಮಾತ್ರ ಅಳುಕು. ಹೋದ ವರ್ಷ ವೇದಿಕೆಯ ಮೇಲೆ ಬಾಯಿ ಕಟ್ಟಿಹೋಗಿ, ಅಳುತ್ತಾ ಇಳಿದಿದ್ದಳು.

"ಈ ಸಲ ಮಾದರಿ ನೋಡ್ಕೋತ ಹೇಳ್ತೀನಪ್ಪ. ಅದು ಚಂದ ಇದ್ರ ಹೆದರಿಕಿ ಆಗಂಗಿಲ್ಲ," ಎಂದಳು.

"ಥರ್ಮಾಕೋಲ್ ತಂದು ಮಾಡ್ರಿ," ಎಂದಳು ಹೆಂಡತಿ ಸಾವಿತ್ರಿ.

"ಆಲ್ಪ್ಸ್ ಪರ್ವತ ಥರ್ಮಾಕೋಲಿನಾಗ? ಭೂಗೋಳಕ್ಕ ಅವಮಾನ!"

ಜೋಳದ ಹಿಟ್ಟು ನಾದಿದೆ. ದಕ್ಷಿಣಕ್ಕೆ ಆಲ್ಪ್ಸ್, ವಾಯವ್ಯಕ್ಕೆ ಜುರಾ ಬೆಟ್ಟ, ನಡುವೆ ಪ್ರಸ್ಥಭೂಮಿ. ಒಣಗುತ್ತಲೇ ಆಲ್ಪ್ಸ್ ಬಿರುಕು ಬಿಟ್ಟಿತು! ಮತ್ತೆ ನಾದಿ, ಇರುವೆ ಮುತ್ತದಿರಲಿ ಎಂದು ಧಾರಾಳವಾಗಿ ಉಪ್ಪು ಬೆರೆಸಿದೆ. ಕಾಡಿಗೆ ಕೊತ್ತಂಬರಿ, ಹುಲ್ಲುಗಾವಲಿಗೆ ಮೆಂತ್ಯ ಸೊಪ್ಪು, ಎಡೆಲ್‌ವೈಸ್ ಎಂಬ ಬಿಳಿ ಹೂವಿಗೆ ಹತ್ತಿಯ ಚೂರು. ದೇಶವನ್ನು ಅಂಗಳದ ಕಟ್ಟೆಯ ಮೇಲೆ ಒಣಗಲಿಟ್ಟು ಚಹಾ ಕುಡಿಯಲು ಒಳಗೆ ಹೋದೆ.

ಹೊರಗೆ ಬಂದಾಗ ಪಕ್ಕದ ಮನೆಯ ರೆಹಮತ್ ಬೀ ಅವರ ಆಡು ಶಹಜಾದಿ ಆಲ್ಪ್ಸ್ ಮೆಲ್ಲುತ್ತಿದ್ದಳು. ಅರಣ್ಯ ಸರ್ವನಾಶ! ಆ ದೇಶದ ಜೀವವೈವಿಧ್ಯದಲ್ಲಿ ಉಳಿದದ್ದು ಅವಳೊಬ್ಬಳೇ.

"ಯಾ ಅಲ್ಲಾ! ತಪ್ಪಾಯ್ತು ಭಾಯಿ!" ರೆಹಮತ್ ಬೀ ಓಡಿ ಬಂದರು.

"ಅದರದೇನು ತಪ್ಪು ಬೀ?" ಎಂದಳು ಸಾವಿತ್ರಿ. "ಹಿಟ್ಟು, ಉಪ್ಪು, ಕೊತ್ತಂಬರಿ. ಇವರು ಆಡಿನ ಊಟಾನೇ ಮಾಡಿ ಇಟ್ಟಾರ!"

ಗೌರಿಯ ಕಣ್ಣು ತುಂಬಿತ್ತು. ಶಹಜಾದಿ ಹೋಗಿ ಅವಳ ಕೈ ನೆಕ್ಕಿದಳು. ಗೌರಿ ಕಣ್ಣೊರೆಸಿಕೊಂಡು ಕೇಳಿದಳು: "ಅಪ್ಪಾ, ಆ ಬೆಟ್ಟದಾಗ ಆಡು ಇರ್ತಾವಲ್ಲ?"

"ಇರ್ತಾವವ್ವ."

"ಹಂಗಾದ್ರ ಶಹಜಾದಿನೂ ಬರ್ಲಿ. ಈಕಿ ಸಂಗಡ ನನಗ ಹೆದರಿಕಿ ಇಲ್ಲ."

ಮರುದಿನ ಪ್ರದರ್ಶನದಲ್ಲಿ ಅರ್ಧ ಸ್ವಿಟ್ಜರ್ಲೆಂಡ್, ಒಂದು ಆಡು, ಮತ್ತು ಹೆಗಲ ಮೇಲೆ ಕಂಬಳಿ ಹೊತ್ತು ಹಗ್ಗ ಹಿಡಿದ ನಾನು! ಗೌರಿ ಶಹಜಾದಿಯ ಕುತ್ತಿಗೆ ಸವರುತ್ತಾ ಅರಳು ಹುರಿದಂತೆ ಮಾತಾಡಿದಳು.

"ಬ್ಯಾಸಗ್ಯಾಗ ಹಿಮ ಕರಗಿದ ಮ್ಯಾಲ, ದನ, ಆಡು ಬೆಟ್ಟದ ಹುಲ್ಲಿಗಿ ಹೊಡ್ಕೊಂಡು ಹೋಗ್ತಾರ್ರಿ."

"ಅರ್ಧ ಬೆಟ್ಟ ಎಲ್ಲಿ ಹೋಯ್ತವ್ವ?" ಎಂದರು ಟೀಚರ್.

"ಮೇಯೋದು ಹೆಚ್ಚಾದ್ರ ಬೆಟ್ಟ ಹಿಂಗ ಬೋಳ ಆಗ್ತದ್ರಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರ್ ನನ್ನತ್ತ ಕೈ ತೋರಿಸಿದರು. "ಇವರು?"

"ಆಡು ಕಾಯೋರ್ರಿ," ಎಂದಳು. ಮತ್ತೆ ನಕ್ಕು ಸೇರಿಸಿದಳು, "ನಮ್ಮಪ್ಪಾರಿ."

ನನಗೆ ಅಳುವೇ ಬಂತು. ಕಣ್ಣು ಒರೆಸಿಕೊಳ್ಳಲು ಹಗ್ಗ ಬಿಟ್ಟೆ. ಅಷ್ಟರಲ್ಲಿ ಶಹಜಾದಿ ಜುರಾ ಬೆಟ್ಟವನ್ನೂ ಮುಗಿಸಿದಳು.

ಎಂ.ಎ. ಓದಿದವನಿಗೆ ಒಂದು ಆಡು ಕಾಯಲಿಕ್ಕೂ ಬರಲಿಲ್ಲ!