ಕರೆಂಟು ತಿನ್ನುವ ಬಲ್ಬು

ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದ ಧನಂಜಯ, ರಿಪೇರಿ ಪರೀಕ್ಷೆಗೆಂದು ಮಾಡಿಟ್ಟುಕೊಂಡಿದ್ದ ತನ್ನ ಸೀರೀಸ್ ಬೋರ್ಡಿನ ಹೋಲ್ಡರಿನಲ್ಲಿ ಹೊಸ ಎಲ್‌ಇಡಿ ಬಲ್ಬು ಕೂತಿರುವುದನ್ನು ಕಂಡು ಅಲ್ಲೇ ನಿಂತುಬಿಟ್ಟ.

"ಹಂಸಾ, ಇಲ್ಲಿದ್ದ ಬುರುಡೆ ಬಲ್ಬ್ ಎಲ್ಲಿ?"

"ಬಿಸಾಕಿದೆ," ಅಡುಗೆಮನೆಯಿಂದ ಹೆಂಡತಿಯ ಉತ್ತರ ಬಂತು. "ನಿನ್ನೆ ಮೇಲಿನ ಮನೆ ವಿಜಿ ಬಂದಿದ್ರು. ಅಯ್ಯೋ, ಇದು ಸುಮ್ನೆ ಕರೆಂಟ್ ತಿನ್ನತ್ತೆ ಅಂತ ಅವರೇ ಹೊಸದು ತಂದು ಹಾಕಿಕೊಟ್ರು. ಪಾಪ, ದುಡ್ಡೂ ತಗೊಳ್ಲಿಲ್ಲ."

ಮೈಸೂರಿನಿಂದ ನೈರೋಬಿಗೆ ಬರುವಾಗ ಬನಿಯನ್ನುಗಳ ನಡುವೆ ಸುತ್ತಿ, ಮಗುವಿನಂತೆ ಕಾಪಾಡಿ ತಂದಿದ್ದ ಬಲ್ಬು ಅದು. ಈಗ ಕಸದ ಬುಟ್ಟಿಯಲ್ಲಿ ಈರುಳ್ಳಿ ಸಿಪ್ಪೆಯ ಜೊತೆ ಚೂರುಚೂರಾಗಿ ಬಿದ್ದಿತ್ತು.

ಬಾಲ್ಕನಿಯ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ ಆಂಪ್ಲಿಫೈಯರ್ ಹೃಷಿಕೇಶ್ ಅವರದು. ಧನಂಜಯ ಮೆಂಟೆನೆನ್ಸ್ ಇಂಜಿನಿಯರ್ ಆಗಿರುವ ಔಷಧಿ ಕಾರ್ಖಾನೆಗೆ ಅವರು ಜನರಲ್ ಮ್ಯಾನೇಜರು. ಅವನ ಕಾಂಟ್ರಾಕ್ಟು ಈ ತಿಂಗಳಿಗೆ ಮುಗಿಯುತ್ತಿತ್ತು. ಮುಂದುವರಿಯಬೇಕಾದರೆ ಅವರ ಸಹಿ ಬೇಕು. ಅದಕ್ಕೇ ಅವರು ಊಟದ ಹೊತ್ತಿನಲ್ಲಿ ಆಂಪ್ಲಿಫೈಯರ್ ಸುಟ್ಟುಹೋಯಿತೆಂದು ಅಲವತ್ತುಕೊಂಡಾಗ, ಯಾರೂ ಕೇಳುವ ಮೊದಲೇ "ಕೊಡಿ ಸಾರ್, ನಾನು ನೋಡ್ತೀನಿ" ಎಂದು ಹೊತ್ತುಕೊಂಡು ಬಂದಿದ್ದ. ಸುಟ್ಟ ಭಾಗಗಳನ್ನೆಲ್ಲ ಬದಲಾಯಿಸಿಯೂ ಆಗಿತ್ತು. ಉಳಿದದ್ದು ಪರೀಕ್ಷೆಯೊಂದೇ. ನೇರ ಗೋಡೆಯ ಪ್ಲಗ್ಗಿಗೆ ಹಾಕಿದರೆ, ಒಳಗೆ ಸಣ್ಣ ತಪ್ಪಿದ್ದರೂ ಹೊಸ ಭಾಗಗಳೆಲ್ಲ ಮತ್ತೆ ಭಸ್ಮ. ನಡುವೆ ಬುರುಡೆ ಬಲ್ಬೊಂದಿದ್ದರೆ ಅದು ತಾನು ಧಗಧಗ ಉರಿದು ಆಂಪ್ಲಿಫೈಯರನ್ನು ಉಳಿಸುತ್ತದೆ.

"ಬಲ್ಬ್ ಅಂದ್ರೆ ಬಲ್ಬ್ ತಾನೆ? ಇದೂ ಉರಿಯತ್ತಲ್ಲ," ಎಂದಳು ಹಂಸಾ.

"ಅದು ಹೊಡೆತ ತಡ್ಕೊಳತ್ತೆ ಕಣೆ. ಇದಕ್ಕೆ ಆಗಲ್ಲ."

"ಆಫೀಸಲ್ಲಿ ನೀವು ಮಾಡೋ ಕೆಲಸ ಅನ್ನಿ," ಎಂದು ಅವಳು ಒಗ್ಗರಣೆಗೆ ತಿರುಗಿದಳು.

ಅಷ್ಟರಲ್ಲಿ ಫೋನು. ಹೃಷಿಕೇಶ್. "ಧನಂಜಯ ಅವರೇ, ಸಂಜೆ ಮನೇಲಿ ಗೆಸ್ಟ್ ಇದಾರೆ. ಆಂಪ್ಲಿಫೈಯರ್ ಅಷ್ಟೊತ್ತಿಗೆ ಬರತ್ತಾ?"

"ಬರತ್ತೆ ಸಾರ್," ಎಂದಿತು ಧನಂಜಯನ ಬಾಯಿ, ಅವನನ್ನು ಕೇಳದೆಯೇ.

ಅವನು ಮೊದಲು ಮೆಟ್ಟಿಲು ಹತ್ತಿ ವಿಜಿಯವರ ಮನೆಗೇ ಹೋದ. ಬುರುಡೆ ಬಲ್ಬು ಅವರ ಓವನ್ನಿನೊಳಗೊಂದು ಇತ್ತು. ಒಳಗೆ ಕೇಕು ಬೇಯುತ್ತಿತ್ತು.

"ಮನೇಲಿ ಅಷ್ಟು ಕಷ್ಟನಾ?" ವಿಜಿ ಕನಿಕರದಿಂದ ಓವನ್ ಆರಿಸಿ ಬಾಗಿಲು ತೆರೆದರು. ಅವನು ಕೈ ಸುಟ್ಟುಕೊಂಡು ಬಲ್ಬು ಬಿಚ್ಚಿ ತಂದ. ಅದು ತೀರಾ ಪುಟ್ಟದು. ಅಷ್ಟು ಸಣ್ಣ ದಾರಿಯಲ್ಲಿ ಹಾದುಬಂದ ಕರೆಂಟಿಗೆ ಆಂಪ್ಲಿಫೈಯರ್ ಕಣ್ಣೇ ಬಿಡಲಿಲ್ಲ. ಹಿಂದಿರುಗಿಸಲು ಹೋದಾಗ ಕೇಕು ನಡುವೆ ಬಾವಿಯಂತೆ ಕುಸಿದಿತ್ತು. ವಿಜಿ ನಗುತ್ತಲೇ ಬಲ್ಬು ತೆಗೆದುಕೊಂಡರು. ಆಮೇಲೆ ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ, "ಧನಂಜಯ ಅವರ ಮನೆಯಲ್ಲಿ ಒಂದು ಬಲ್ಬಿಗೂ ಗತಿಯಿಲ್ಲ, ಓವನ್ನಿನೊಳಗಿನದನ್ನೂ ಕೇಳಿಕೊಂಡು ಬಂದಿದ್ದರು. ಸಾಧ್ಯವಾದವರು ನೆರವಾಗಿ" ಎಂದು ಬರೆದು ಕೈಮುಗಿದ ಚಿತ್ರ ಹಾಕಿದರು.

ಧನಂಜಯ ನ್ಗಾರಾ ಪೇಟೆಗೆ ಹೋಗಿ ಎಲೆಕ್ಟ್ರಿಕ್ ಅಂಗಡಿಗಳ ಸಾಲನ್ನೆಲ್ಲ ಅಲೆದ. ಒಬ್ಬ ಗುಜರಾತಿ ವ್ಯಾಪಾರಿ ಎಲ್‌ಇಡಿಗಳನ್ನು ಗೌರಿ ಬಾಗಿನದಂತೆ ಜೋಡಿಸಿಟ್ಟು, ಇದು ಬಹಳ ಕರೆಂಟು ಉಳಿಸುತ್ತದೆ ಎಂದ. ನನಗೆ ಉಳಿಸುವುದು ಬೇಡ, ತಿನ್ನುವುದು ಬೇಕು ಎಂದು ಧನಂಜಯ ತನ್ನ ಹರಕು ಹಿಂದಿಯಲ್ಲಿ ವಿವರಿಸಿದ. ಜ್ವರ ಬರುವ ಮಾತ್ರೆ ಕೇಳಿದವನನ್ನು ನೋಡುವಂತೆ ನೋಡಿ, ವ್ಯಾಪಾರಿ ಮುಂದಿನ ಗಿರಾಕಿಯನ್ನು ಕರೆದ.

ನಡುನಡುವೆ ಫೋನು. ಅಪ್ಪರ್ ಹಿಲ್ ಬಡಾವಣೆಯ ಬ್ಯಾಂಕಿನಲ್ಲಿದ್ದ ಸಂಘದ ಬಾಲಕೃಷ್ಣ, "ನಾಚ್ಕೋಬೇಡಿ, ನಿಮ್ಮ ಮೀಟರಿಗೆ ಕರೆಂಟ್ ಟೋಕನ್ ನನ್ನ ದುಡ್ಡಲ್ಲೇ ಹಾಕಿಸ್ತೀನಿ" ಎಂದ. ಹಂಸಾ ಕೂಡ ಮಾಡಿದಳು. "ರೀ, ಯಾರ್ಯಾರೋ ಬಂದು ಬಲ್ಬು ಕೊಟ್ಟು ಹೋಗ್ತಿದಾರೆ. ಒಬ್ರು ಮೊಂಬತ್ತಿ ತಂದಿದ್ರು. ಒಬ್ರು ಬಿಸಿಬೇಳೆಬಾತ್. ನಾನು ಹೇಗೆ ಮುಖ ತೋರಿಸ್ಲಿ?"

"ಬುರುಡೆ ಬಲ್ಬ್ ಯಾರಾದ್ರೂ ತಂದ್ರಾ?"

ಅವಳು ಫೋನಿಟ್ಟಳು.

ವಾಪಸಾಗುವಾಗ ಅವನು ಕೂತಿದ್ದ ಮಟಾಟು ಮಿನಿಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಕಿಟಕಿಯಾಚೆ ಬೀಜ, ಗೊಬ್ಬರ, ಕೋಳಿಮದ್ದು ಮಾರುವ ಅಂಗಡಿ. ಅದರ ಮುಂದಿನ ಗೂಡಿನಲ್ಲಿ ಕೋಳಿಮರಿಗಳು ಚಿಂವ್‌ಗುಟ್ಟುತ್ತಿದ್ದವು. ಅವುಗಳ ಮೇಲೆ ಬೆಚ್ಚಗೆ ಉರಿಯುತ್ತಿತ್ತು ಒಂದು ಕೆಂಪು ಬುರುಡೆ ಬಲ್ಬು. ಹಾಡು ಕಿರುಚುತ್ತಿದ್ದ ಮಟಾಟುವಿನಿಂದ ಧನಂಜಯ ಧುಮುಕಿದ.

ಅಂಗಡಿಯ ಒಡತಿ ಸೆಲಿನ್ ಹೊಸ ಬಲ್ಬಿನ ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು, ಎಷ್ಟು ಮರಿಗಳಿವೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆಂಪ್ಲಿಫೈಯರಿನ ಕತೆ ಹೇಳುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ.

ಒಂದೇ, ಎಂದ.

ವಯಸ್ಸು?

ಮೂವತ್ತು ವರ್ಷ ಆಗಿರಬಹುದು ಎಂದು ಬಾಯಿತಪ್ಪಿ ಹೇಳಿದ. ಸೆಲಿನ್ ಅವನನ್ನು ದಿಟ್ಟಿಸಿ, "ಪೋಲೆ ಸಾನಾ" ಎಂದು ಸಂತಾಪ ಸೂಚಿಸಿ ಡಬ್ಬಿ ಕೊಟ್ಟಳು.

ಮನೆಯಲ್ಲಿ ಹೊಸ ವಿಘ್ನ. ಬಲ್ಬು ತಿರುಪಿನದು, ಬೋರ್ಡಿನ ಹೋಲ್ಡರು ಊರಿನ ಪಿನ್ನಿನದು. ಹಂಸಾ ನೋಡುನೋಡುತ್ತಿದ್ದಂತೆ ಧನಂಜಯ ಅವಳ ಹುಟ್ಟುಹಬ್ಬದ ಟೇಬಲ್ ಲ್ಯಾಂಪಿನ ಕತ್ತು ಕತ್ತರಿಸಿ ಹೋಲ್ಡರು ತೆಗೆದು ಬೋರ್ಡಿಗೆ ಜೋಡಿಸಿದ. ಸ್ವಿಚ್ ಹಾಕಿದ್ದೇ ತಡ, ಬಲ್ಬು ಧಗ್ಗನೆ ಉರಿದು ಬಾಲ್ಕನಿಯೆಲ್ಲ ಕೆಂಪಾಯಿತು. ಅಂದರೆ ಒಳಗೆ ತಪ್ಪಿತ್ತು. ನೇರ ಪ್ಲಗ್ಗಿಗೆ ಹಾಕಿದ್ದರೆ ಎಲ್ಲ ಮುಗಿದೇಹೋಗುತ್ತಿತ್ತು. ಹುಡುಕಿದ. ಒಂದು ಟ್ರಾನ್ಸಿಸ್ಟರಿನ ಕೆಳಗೆ ಕರೆಂಟು ತಡೆಯುವ ಅಭ್ರಕದ ಹಾಳೆ ಇಡುವುದನ್ನೇ ಮರೆತಿದ್ದ. ಇಟ್ಟು, ಮತ್ತೆ ಸ್ವಿಚ್ ಹಾಕಿದ. ಬಲ್ಬು ಒಮ್ಮೆ ಕಣ್ಣರಳಿಸಿ ಮೆಲ್ಲಗೆ ಮಂಕಾಯಿತು. ಅಂದರೆ ಒಳಗೆಲ್ಲ ಸರಿಯಾಗಿತ್ತು. ಧನಂಜಯನ ಕಣ್ಣಲ್ಲಿ ನೀರು ಬಂತು. ಮದುವೆಯ ದಿನವೂ ಅವನು ಹೀಗೆ ಅತ್ತಿರಲಿಲ್ಲ ಎಂದು ಹಂಸಾಳಿಗೆ ಅನ್ನಿಸಿತು.

ಸಂಜೆ ಕರೆನ್ ಬಡಾವಣೆಯಲ್ಲಿದ್ದ ಹೃಷಿಕೇಶ್ ಅವರ ದೊಡ್ಡ ತೋಟದ ಮನೆಯಲ್ಲಿ ಆಂಪ್ಲಿಫೈಯರ್ ಬಾಯಿಬಿಟ್ಟಿತು. ಕೊಳಲಿನ ದನಿ ಕಿಟಕಿ ದಾಟಿ ಹುಲ್ಲುಹಾಸಿಗೆ ಇಳಿಯಿತು. ಹೃಷಿಕೇಶ್ ಕಣ್ಣುಮುಚ್ಚಿ ಕೇಳಿದರು. ಅವರ ಪಕ್ಕದಲ್ಲಿ ಅಚ್ಚುಕಟ್ಟಾಗಿ ಇಸ್ತ್ರಿಯಾದ ಅಂಗಿಯ ಯುವಕನೊಬ್ಬ ಕೂತಿದ್ದ.

"ಅದ್ಭುತ ಕಣ್ರೀ," ಹೃಷಿಕೇಶ್ ಎದ್ದು ಬಂದು ಧನಂಜಯನ ಕೈ ಹಿಡಿದರು. "ಈಗ ಮನಸ್ಸಿಗೆ ನಿರಾಳ ಆಯ್ತು. ಇವರು ಕೌಸ್ತುಭ್, ಬೆಂಗಳೂರಿಂದ ಬಂದಿದಾರೆ. ಒಂದನೇ ತಾರೀಕಿಂದ ನಿಮ್ಮ ಜಾಗಕ್ಕೆ."

ಧನಂಜಯ ನಗುತ್ತಲೇ ಇದ್ದ. ಮುಖಕ್ಕೆ ಸುದ್ದಿ ಇನ್ನೂ ತಲುಪಿರಲಿಲ್ಲ.

"ಹೆಡ್ಡಾಫೀಸಿಂದ ಆರ್ಡರ್ ಬಂದು ಎಷ್ಟೋ ದಿನ ಆಯ್ತು. ನಾನೇ ತಡೆದು ಇಟ್ಕೊಂಡಿದ್ದೆ. ನಿಮ್ಮನ್ನ ಕಳಿಸಿಬಿಟ್ರೆ ಇದನ್ನ ರಿಪೇರಿ ಮಾಡೋರು ಯಾರು ಹೇಳಿ. ಇದೊಂದು ರೆಡಿ ಆಗದೇ ಇದ್ದಿದ್ರೆ, ಹೇಗಾದ್ರೂ ಮಾಡಿ ನಿಮ್ಮ ಕಾಂಟ್ರಾಕ್ಟ್ ಇನ್ನೊಂದಾರು ತಿಂಗಳು ಎಳೀತಿದ್ದೆ." ಅವರು ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. "ಇಷ್ಟು ಬೇಗ ಮುಗಿಸ್ತೀರಿ ಅಂತ ನನಗೂ ಗೊತ್ತಿರ್ಲಿಲ್ಲ."

ಕೌಸ್ತುಭ್ ಸಂಕೋಚದಿಂದ ಕೆಮ್ಮಿದ. "ಸಾರ್, ನಿಮ್ಮ ಫ್ಲ್ಯಾಟೇ ನನಗೆ ಕೊಡ್ತಾರಂತೆ. ನೆರೆಹೊರೆ ಹೇಗೆ?"

"ತುಂಬಾ ಒಳ್ಳೆಯವರು," ಎಂದ ಧನಂಜಯ.

ಗೇಟಿನಾಚೆ ಟ್ಯಾಕ್ಸಿಗೆ ಕಾಯುತ್ತ ನಿಂತಾಗ ಹಂಸಾಳ ಫೋನು ಬಂತು. ಒಳಗಿನಿಂದ ಕೊಳಲು ಇನ್ನೂ ಸ್ವಚ್ಛವಾಗಿ ಕೇಳಿಸುತ್ತಿತ್ತು.

"ಏನ್ರೀ, ಕೆಲಸ ಆಯ್ತಾ?"

"ಆಯ್ತು," ಎಂದ.